ಆಣೆ ಪ್ರಮಾಣಕ್ಕೆ ಬಗ್ಗದ ಕುಡಿತ

ಹತ್ತನೆಯ ತರಗತಿಗೆ ಕಾರ್ಬನ್ ಸಂಯುಕ್ತಗಳ ಪಾಠ ಮಾಡುವಾಗ ಎಥನಾಲ್ ಬಂದೇ ಬರುತ್ತದೆ. ಕಪ್ಪು ಹಲಗೆಯ ಮೇಲೆ ಅದರ ಅಣುಸೂತ್ರ ಬರೆದು ‘ರೂಢಿಯಲ್ಲಿ ಇದನ್ನೇ ಆಲ್ಕೋಹಾಲ್ ಎನ್ನುತ್ತಾರೆ’ ಎನ್ನುವಷ್ಟರಲ್ಲಿ ಹಿಂದಿನ ಬೆಂಚಿನಿಂದ ‘ಎಣ್ಣೆ ಸಾರ್, ಎಣ್ಣೆ’ ಎಂಬ ಪಿಸುದನಿ, ಅದರ ಬೆನ್ನಿಗೇ ನಗು. ಇಪ್ಪತ್ತೆಂಟು ವರ್ಷಗಳಿಂದ ಈ ನಗುವನ್ನು ಕೇಳುತ್ತಾ ಬಂದಿದ್ದೇನೆ. ನಗುವ ಮಕ್ಕಳ ನಡುವೆ ನಗದೆ, ತಲೆ ತಗ್ಗಿಸಿ ಪುಸ್ತಕ ನೋಡುವ ಮೂರು ನಾಲ್ಕು ಮಕ್ಕಳು ಪ್ರತಿ ವರ್ಷವೂ ಇರುತ್ತಾರೆ. ಅವರ ಮನೆಯಲ್ಲಿ ಆ ಪಾಠ ದಿನವೂ ಸಂಜೆ ನಡೆಯುತ್ತದೆ.

ಎರಡು ವರ್ಷದ ಹಿಂದೆ ಅಂಥ ಒಬ್ಬ ಹುಡುಗಿ ತರಗತಿ ಮುಗಿದ ಮೇಲೆ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಕೇಳಿದಳು: ‘ಸಾರ್, ದಿನಾ ಕುಡಿಯೋರು ಒಂದೇ ಸಲ ಬಿಟ್ಟುಬಿಟ್ರೆ ಏನಾದ್ರೂ ಆಗುತ್ತಾ?’ ಕುಡಿಯುವುದು ಕೆಟ್ಟದ್ದೇ ಎಂದು ಅವಳು ಕೇಳಲಿಲ್ಲ. ಅದು ಅವಳಿಗೆ ನನಗಿಂತ ಚೆನ್ನಾಗಿ ಗೊತ್ತು. ಬಿಡುವಾಗ ಏನಾಗುತ್ತದೆ ಎಂಬುದು ಅವಳ ಪ್ರಶ್ನೆ. ನಮ್ಮ ಪಠ್ಯಪುಸ್ತಕದಲ್ಲಿ ಆರೋಗ್ಯ ಕೆಡುವುದು ಇದೆ, ಮೆಥನಾಲ್‌ನಿಂದ ಕಣ್ಣು ಹೋಗುವುದು ಇದೆ. ಬಿಡುವುದು ಹೇಗೆ ಎಂಬುದು ಇಲ್ಲ. ಶಾಲೆಯ ಗೋಡೆಯ ಮೇಲೆ ‘ಮದ್ಯಪಾನ ಆರೋಗ್ಯಕ್ಕೆ ಹಾನಿಕರ’ ಎಂದು ಬರೆಸುವ ನಾವು, ಹಾನಿಯಾದವನು ಎಲ್ಲಿಗೆ ಹೋಗಬೇಕು ಎಂದು ಕೆಳಗೆ ಒಂದು ಸಾಲು ಬರೆಸುವುದಿಲ್ಲ.

ನಮ್ಮ ಕಡೆ ಕುಡಿತ ಬಿಡಿಸುವುದಕ್ಕೆ ಇರುವ ಮೊದಲ ಔಷಧ ಆಣೆ. ಮಗುವಿನ ತಲೆ ಮುಟ್ಟಿಸುತ್ತಾರೆ, ದೇವರ ಮುಂದೆ ಕರ್ಪೂರ ಹಚ್ಚಿಸುತ್ತಾರೆ, ಊರ ಹಿರಿಯರನ್ನು ಕೂರಿಸಿ ಮಾತು ತೆಗೆದುಕೊಳ್ಳುತ್ತಾರೆ. ಆಣೆಯಿಂದ ಬಿಟ್ಟವರು ಇಲ್ಲವೆಂದಲ್ಲ. ಅಯ್ಯಪ್ಪನ ಮಾಲೆ ಹಾಕಿದವರು ಒಂದೂವರೆ ತಿಂಗಳು ಮುಟ್ಟದೆ ಇರುವುದನ್ನು, ಕೆಲವರು ಹಾಗೆಯೇ ಕಾಯಂ ಬಿಟ್ಟದ್ದನ್ನು ಕಂಡಿದ್ದೇನೆ. ಆದರೆ ಬೆಳಿಗ್ಗೆ ಎದ್ದೊಡನೆ ಕುಡಿಯದಿದ್ದರೆ ಕೈ ನಡುಗುವ ಹಂತಕ್ಕೆ ಬಂದವನಿಗೆ ಆಣೆ ಮಾಡಿಸುವುದೆಂದರೆ, ಕಾಮಾಲೆ ಬಂದವನಿಂದ ‘ನಾಳೆಯಿಂದ ಹಳದಿಯಾಗುವುದಿಲ್ಲ’ ಎಂದು ಮಾತು ತೆಗೆದುಕೊಂಡ ಹಾಗೆ. ಆಣೆ ಮುರಿಯುತ್ತದೆ. ಮುರಿದ ಮೇಲೆ ಅವನು ಕುಡುಕನ ಜೊತೆಗೆ ಸುಳ್ಳನೂ ಆಗುತ್ತಾನೆ. ಯಾರ ತಲೆ ಮುಟ್ಟಿ ಆಣೆ ಮಾಡಿದ್ದನೋ ಆ ಮಗು, ಇನ್ನು ತನಗೇನಾದರೂ ಆದೀತೆಂದು ರಾತ್ರಿಯಿಡೀ ಹೆದರುತ್ತದೆ.

ಇದನ್ನು ನಾನು ಪುಸ್ತಕ ಓದಿ ಹೇಳುತ್ತಿಲ್ಲ. ನನ್ನ ತಂಗಿಯ ಗಂಡ ದರ್ಜಿ. ‘ಬರೀರಿ ಭಾವ, ಹೆಸರೊಂದು ಬೇಡ’ ಎಂದು ಅವನೇ ಒಪ್ಪಿಗೆ ಕೊಟ್ಟಿರುವುದರಿಂದ ಬರೆಯುತ್ತಿದ್ದೇನೆ. ನಮ್ಮ ಸುತ್ತಿನ ನಾಲ್ಕೈದು ಶಾಲೆಗಳ ಸಮವಸ್ತ್ರ ಅವನ ಕೈಯಲ್ಲೇ ಹೊಲಿದದ್ದು. ಮದುವೆಯಾದ ಹೊಸತರಲ್ಲಿ ರಾತ್ರಿ ಒಂದು ಪ್ಯಾಕೆಟ್ ಸಾರಾಯಿ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧವಾದಾಗ ನನ್ನ ತಂಗಿ ಮನೆಯಲ್ಲಿ ಪಾಯಸ ಮಾಡಿದ್ದಳು. ಅದು ಆರುವ ಮುಂಚೆ ಅವನು ಅಗ್ಗದ ವಿಸ್ಕಿಗೆ ಬದಲಾಯಿಸಿದ್ದ. 2019ರ ಹೊತ್ತಿಗೆ ದಿನಕ್ಕೆ ಎರಡು ಕ್ವಾರ್ಟರ್. ಬೆಳಿಗ್ಗೆ ಸೂಜಿಗೆ ದಾರ ಪೋಣಿಸಲು ಆಗುತ್ತಿರಲಿಲ್ಲ. ಮಗಳು ಶಾಲೆಗೆ ಹೊರಡುವ ಮುನ್ನ ಹತ್ತು ಸೂಜಿಗಳಿಗೆ ದಾರ ಪೋಣಿಸಿಟ್ಟು ಹೋಗುತ್ತಿದ್ದಳು.

ಇಲ್ಲೊಂದು ಲೆಕ್ಕ ಮಾಡಬಹುದು. ನಮ್ಮಲ್ಲಿ ಮಾರುವ ವಿಸ್ಕಿ, ಬ್ರಾಂದಿ, ರಮ್ಮುಗಳಲ್ಲಿ ಗಾತ್ರದ ಲೆಕ್ಕದಲ್ಲಿ ನೂರಕ್ಕೆ 42.8 ಭಾಗ ಎಥನಾಲ್. ಒಂದು ಕ್ವಾರ್ಟರ್ ಎಂದರೆ 180 ಮಿಲಿ. ಅದರಲ್ಲಿ ಸುಮಾರು 77 ಮಿಲಿ ಎಥನಾಲ್, ತೂಕದಲ್ಲಿ 60 ಗ್ರಾಂಗೆ ತುಸು ಹೆಚ್ಚು. ವಯಸ್ಕರ ಯಕೃತ್ತು ಗಂಟೆಗೆ ಸುಮಾರು 7ರಿಂದ 10 ಗ್ರಾಂ ಎಥನಾಲನ್ನಷ್ಟೇ ಒಡೆಯಬಲ್ಲದು. ಅಂದರೆ ಒಂದು ಕ್ವಾರ್ಟರ್ ಕರಗಲು ಆರರಿಂದ ಒಂಬತ್ತು ಗಂಟೆ. ಮಜ್ಜಿಗೆ, ನಿಂಬೆಹುಳಿ, ಕಾಫಿ, ತಲೆಗೆ ತಣ್ಣೀರು, ಯಾವುದರಿಂದಲೂ ಈ ಲೆಕ್ಕ ಬದಲಾಗುವುದಿಲ್ಲ. ಎರಡು ಕ್ವಾರ್ಟರ್ ಕುಡಿಯುವವನ ರಕ್ತ ಮದ್ಯವಿಲ್ಲದೆ ಇರುವುದು ದಿನದ ಕೆಲವೇ ಗಂಟೆ. ಆ ಕೆಲವು ಗಂಟೆಗಳಲ್ಲೇ ಅವನ ಕೈ ನಡುಗುತ್ತಿದ್ದದ್ದು.

2020ರ ಮಾರ್ಚ್ ಕೊನೆಯ ವಾರ ಕೊರೊನಾ ಲಾಕ್‌ಡೌನ್ ಆಯಿತು. ಮದ್ಯದಂಗಡಿಗಳೂ ಮುಚ್ಚಿದವು. ಮಗಳಿಗೆ 27ಕ್ಕೆ ಎಸ್ಸೆಸ್ಸೆಲ್ಸಿ ಪರೀಕ್ಷೆ ಇತ್ತು, ಮುಂದೂಡಿದರು. ಮೊದಲ ದಿನ ಅವನಿಗೆ ನಡುಕ, ಬೆವರು, ವಾಂತಿ. ‘ಎರಡು ದಿನ ಹಾಗೇ ಆಗುತ್ತೆ, ತಡ್ಕೋ’ ಎಂದರು ನೆರೆಯವರು. ಎರಡನೆಯ ರಾತ್ರಿ ನಿದ್ದೆಯಿಲ್ಲ. ಮೂರನೆಯ ರಾತ್ರಿ ನಡುಮನೆಯಲ್ಲಿ ಬರಿ ನೆಲದ ಮೇಲೆ ಕುಳಿತು ಹೊಲಿಯತೊಡಗಿದ. ಮಿಷನ್ನಿಲ್ಲ, ಬಟ್ಟೆಯಿಲ್ಲ. ಕಾಲು ಪೆಡಲು ತುಳಿಯುತ್ತಿದೆ, ಎಡಗೈ ಬಟ್ಟೆ ಸರಿಸುತ್ತಿದೆ, ಬಲಗೈ ಚಕ್ರ ತಿರುಗಿಸುತ್ತಿದೆ. ಗಾಳಿಯಿಂದ ದಾರ ಎಳೆದು ಹಲ್ಲಿನಲ್ಲಿ ಕಚ್ಚುತ್ತಿದ್ದಾನೆ. ಎಂದೋ ತೀರಿಕೊಂಡ ತಾಯಿಯ ಜೊತೆ ಅಳತೆಯ ಬಗ್ಗೆ ಜಗಳವಾಡುತ್ತಿದ್ದಾನೆ. ಗೋಡೆಯ ಮೇಲೆ ಇರುವೆ ಸಾಲು, ಹೊಡೆಯಿರಿ ಎಂದು ಕೂಗುತ್ತಿದ್ದಾನೆ. ಗಾಳಿ ಸೋಕಿದೆ ಎಂದು ಯಾರೋ ತಾಯತ ಕಟ್ಟಲು ಬಂದರು. ತಂಗಿ ನನಗೆ ಫೋನು ಮಾಡಿದಳು. ತರಕಾರಿ ಸಾಗಿಸುವ ಗಾಡಿಯವನೊಬ್ಬನಿಗೆ ಪಾಸು ಇತ್ತು. ಆ ಗಾಡಿಯಲ್ಲೇ ಜಿಲ್ಲಾಸ್ಪತ್ರೆಗೆ ಸಾಗಿಸಿದೆವು. ಅಲ್ಲಿದ್ದ ಯುವ ವೈದ್ಯೆ ಕೇಳಿದ ಮೊದಲ ಪ್ರಶ್ನೆ: ‘ಕೊನೆಯ ಸಲ ಕುಡಿದಿದ್ದು ಯಾವತ್ತು?’

ಮಕ್ಕಳೇ, ಹಗ್ಗಜಗ್ಗಾಟವನ್ನು ನೆನಪಿಸಿಕೊಳ್ಳಿ. ಎರಡೂ ಕಡೆಯವರು ಸಮಬಲದಲ್ಲಿ ಎಳೆಯುತ್ತಿರುವಾಗ ಹಗ್ಗ ಅಲುಗುವುದಿಲ್ಲ. ಒಂದು ಕಡೆಯವರು ಫಕ್ಕನೆ ಕೈಬಿಟ್ಟರೆ ಇನ್ನೊಂದು ಕಡೆಯವರು ಅಂಗಾತ ಬೀಳುತ್ತಾರೆ. ಮಿದುಳಿನಲ್ಲಿ ನರಕೋಶಗಳನ್ನು ಶಾಂತಗೊಳಿಸುವ ಗಾಬಾ ಎಂಬ ರಾಸಾಯನಿಕವಿದೆ, ಕೆರಳಿಸುವ ಗ್ಲುಟಮೇಟ್ ಇದೆ. ಮದ್ಯ ಮೊದಲನೆಯದಕ್ಕೆ ಬಲ ಕೊಡುತ್ತದೆ, ಎರಡನೆಯದನ್ನು ಅದುಮುತ್ತದೆ. ದಿನವೂ ಹೀಗಾದರೆ ಮಿದುಳು ಸುಮ್ಮನಿರುವುದಿಲ್ಲ. ಸಮತೋಲ ಕಾಯ್ದುಕೊಳ್ಳಲು ಕೆರಳಿಸುವ ಕಡೆಗೆ ಹೆಚ್ಚು ಜನರನ್ನು ನಿಲ್ಲಿಸುತ್ತದೆ, ಶಾಂತಗೊಳಿಸುವ ಕಡೆಯಿಂದ ಕೆಲವರನ್ನು ತೆಗೆಯುತ್ತದೆ. ವರ್ಷಗಟ್ಟಲೆ ಎಳೆದಾಡಿದ ಹಗ್ಗದಿಂದ ಮದ್ಯ ಒಂದೇ ದಿನ ಕೈಬಿಟ್ಟಾಗ ಆಗುವುದೇ ಈ ನಡುಕ, ಬೆವರು, ಎದೆಬಡಿತ. ಮೊದಲ ಎರಡು ದಿನಗಳೊಳಗೆ ಕೆಲವರಿಗೆ ಅಪಸ್ಮಾರದಂತೆ ಸೆಳವು ಬರುತ್ತದೆ. ಎರಡರಿಂದ ನಾಲ್ಕನೆಯ ದಿನದ ನಡುವೆ ಕೆಲವರಿಗೆ ಸನ್ನಿ. ಇದಕ್ಕೆ ಡೆಲಿರಿಯಂ ಟ್ರೆಮೆನ್ಸ್ ಎಂದು ಹೆಸರು. ಚಿಕಿತ್ಸೆ ಸಿಗದಿದ್ದರೆ ಜೀವ ಹೋಗಬಹುದು. ಸನ್ನಿಯಲ್ಲಿ ಮನುಷ್ಯ ತನ್ನ ಕಸುಬನ್ನೇ ಅಭಿನಯಿಸುವುದೂ ವೈದ್ಯರಿಗೆ ಹಳೆಯ ಪರಿಚಯವಂತೆ. ಮರಗೆಲಸದವನು ಇಲ್ಲದ ಮೊಳೆ ಹೊಡೆಯುತ್ತಾನೆ, ಚಾಲಕ ಇಲ್ಲದ ಸ್ಟಿಯರಿಂಗ್ ತಿರುಗಿಸುತ್ತಾನೆ.

ಆ ಹುಡುಗಿಯ ಪ್ರಶ್ನೆಗೆ ಉತ್ತರ ಇದು. ಆಗುತ್ತದಮ್ಮ, ಎಲ್ಲರಿಗೂ ಅಲ್ಲ, ಆದರೆ ಬಹುಕಾಲ ದಿನವೂ ಹೆಚ್ಚು ಕುಡಿದವರಿಗೆ, ಹಿಂದೊಮ್ಮೆ ಬಿಡುವಾಗ ಸೆಳವು ಬಂದವರಿಗೆ ಆಗಬಹುದು. ಹಾಗೆಂದು ಬಿಡಬಾರದು ಎಂದಲ್ಲ. ವೈದ್ಯರ ಕಣ್ಣೆದುರು ಬಿಡಬೇಕು.

ಆಸ್ಪತ್ರೆಯಲ್ಲಿ ಅವನಿಗೆ ಮಾಡಿದ್ದು ದೊಡ್ಡ ಚಿಕಿತ್ಸೆಯೇನಲ್ಲ. ಗ್ಲೂಕೋಸ್ ಏರಿಸುವ ಮುನ್ನ ಥಯಾಮಿನ್, ಅಂದರೆ ಬಿ1 ಜೀವಸತ್ವದ ಚುಚ್ಚುಮದ್ದು. ಸರಿಯಾಗಿ ಊಟ ಮಾಡದ, ತಿಂದದ್ದೂ ಮೈಗೆ ಹತ್ತದ ಕುಡುಕರ ದೇಹದಲ್ಲಿ ಇದು ಬತ್ತಿರುತ್ತದೆ. ಇದಿಲ್ಲದೆ ಗ್ಲೂಕೋಸ್ ಕೊಟ್ಟರೆ ಮಿದುಳಿಗೆ ಪೆಟ್ಟಾಗಬಹುದು. ಜೊತೆಗೆ ಮದ್ಯ ಬಿಟ್ಟ ಹಗ್ಗದ ತುದಿಯನ್ನು ತಾತ್ಕಾಲಿಕವಾಗಿ ಹಿಡಿಯುವ ಲೊರಾಜೆಪಾಮ್ ಔಷಧಿ, ದಿನದಿಂದ ದಿನಕ್ಕೆ ಕಡಿಮೆ ಮಾಡುತ್ತಾ. ಐದನೆಯ ದಿನ ಅವನು ನನ್ನ ಗುರುತು ಹಿಡಿದು ‘ಭಾವ, ಕಾಫಿ ಕುಡಿದ್ರಾ?’ ಎಂದ. ಗಾಳಿಯಲ್ಲಿ ಹೊಲಿದದ್ದು ಅವನಿಗೆ ಇವತ್ತಿಗೂ ನೆನಪಿಲ್ಲ. ಮಗಳಿಗೆ ಇದೆ.

ಮೇ 4ರಂದು ಅಂಗಡಿಗಳು ತೆರೆದವು. ಕೆಲವೆಡೆ ಜನ ಪಟಾಕಿ ಹೊಡೆದು, ಬಾಗಿಲಿಗೆ ತೆಂಗಿನಕಾಯಿ ಒಡೆದರು. ಪೇಪರಿನಲ್ಲಿ ಫೋಟೋ ಬಂತು. ಸಾಲಿನಲ್ಲಿ ನನ್ನ ಭಾಮೈದನೂ ಇದ್ದ. ಐದು ವಾರ ಮುಟ್ಟದವನು ಹದಿನೈದೇ ದಿನಕ್ಕೆ ಹಳೆಯ ಲೆಕ್ಕಕ್ಕೆ ಬಂದ. ಮೈಯಿಂದ ಮದ್ಯ ಇಳಿಸುವುದು ಒಂದು ಕೆಲಸ, ಅದಿಲ್ಲದೆ ಬದುಕುವುದನ್ನು ಕಲಿಸುವುದು ಇನ್ನೊಂದು. ಜಿಲ್ಲಾಸ್ಪತ್ರೆಯ ವೈದ್ಯೆ ಮುಂದಿನ ಭೇಟಿಯ ದಿನಾಂಕ ಬರೆದುಕೊಟ್ಟಿದ್ದರು. ಬಸ್ಸೇ ಇಲ್ಲದ ಕಾಲದಲ್ಲಿ ಅದು ಚೀಟಿಯಲ್ಲೇ ಉಳಿಯಿತು.

ಈ ನಡುವೆ ಪೇಟೆಯ ಹೆಂಗಸೊಬ್ಬಳು ತಂಗಿಗೆ ಒಂದು ಪುಡಿಯ ಪೊಟ್ಟಣ ತಂದುಕೊಟ್ಟಳು. ‘ಸಾರಿಗೆ ಹಾಕು, ಗೊತ್ತಾಗಲ್ಲ, ವಾರದಲ್ಲಿ ಕುಡಿತ ಬಿಡ್ತಾನೆ.’ ‘ರೋಗಿಗೆ ತಿಳಿಯದಂತೆ ಕುಡಿತ ಬಿಡಿಸಲಾಗುವುದು’ ಎಂಬ ಜಾಹೀರಾತನ್ನು ನೀವೂ ಬಸ್‌ಸ್ಟ್ಯಾಂಡಿನ ಕಂಬಗಳ ಮೇಲೆ ನೋಡಿರುತ್ತೀರಿ. ಆ ಪೊಟ್ಟಣವನ್ನು ನಾನು ಕಸಕ್ಕೆ ಹಾಕಿಸಿದೆ. ಇಂಥ ಪುಡಿಗಳಲ್ಲಿ ಏನಿರುತ್ತದೆಂದು ಮಾರುವವನೇ ಹೇಳುವುದಿಲ್ಲ. ಡೈಸಲ್ಫಿರಾಮ್ ಎಂಬ ನಿಜವಾದ ಔಷಧವೇ ಇದ್ದರೂ ಅಪಾಯವೇ. ದೇಹದಲ್ಲಿ ಎಥನಾಲ್ ಮೊದಲು ಅಸಿಟಾಲ್ಡಿಹೈಡ್ ಆಗುತ್ತದೆ, ಅದು ಮತ್ತೆ ಒಡೆದು ನಿರಪಾಯಕಾರಿ ಅಸಿಟೇಟ್ ಆಗುತ್ತದೆ. ಡೈಸಲ್ಫಿರಾಮ್ ಈ ಎರಡನೆಯ ಹೆಜ್ಜೆಯನ್ನು ತಡೆಯುತ್ತದೆ. ಅದರ ಮೇಲೆ ಕುಡಿದರೆ ಅಸಿಟಾಲ್ಡಿಹೈಡ್ ರಕ್ತದಲ್ಲಿ ತುಂಬಿ ಮುಖ ಕೆಂಪೇರಿ, ಎದೆ ಹೊಡೆದುಕೊಂಡು, ವಾಂತಿಯಾಗಿ, ರಕ್ತದೊತ್ತಡ ಕುಸಿಯುತ್ತದೆ. 1940ರ ದಶಕದಲ್ಲಿ ಡೆನ್ಮಾರ್ಕಿನ ಹಾಲ್ಡ್ ಮತ್ತು ಜೇಕಬ್‌ಸನ್ ಎಂಬ ಇಬ್ಬರು ಸಂಶೋಧಕರು ಇದನ್ನು ಹೊಟ್ಟೆಹುಳುವಿನ ಔಷಧವಾಗಿ ಪರೀಕ್ಷಿಸಲು ತಾವೇ ನುಂಗಿ, ಆಮೇಲೆ ಮದ್ಯ ಕುಡಿದು ಕಾಯಿಲೆ ಬಿದ್ದದ್ದರಿಂದ ಇದರ ಗುಣ ಗೊತ್ತಾಯಿತು. ತಿಳಿದು, ಒಪ್ಪಿ, ವೈದ್ಯರ ನಿಗಾದಲ್ಲಿ ತೆಗೆದುಕೊಳ್ಳುವವನಿಗೆ ಇದು ಒಳ್ಳೆಯ ಕಾವಲು. ತಿಳಿಯದೆ ತಿಂದು, ಅಭ್ಯಾಸದಂತೆ ಕ್ವಾರ್ಟರ್ ಏರಿಸುವ, ಹೃದಯ ದುರ್ಬಲವಾಗಿರುವ ಮನುಷ್ಯನಿಗೆ ಇದು ವಿಷ.

ಜುಲೈ ತಿಂಗಳ ಒಂದು ರಾತ್ರಿ ಅವನೇ ಫೋನು ಮಾಡಿದ. ಮಗಳ ಮುಂದೂಡಿದ ಪರೀಕ್ಷೆ ಆಗಷ್ಟೇ ಮುಗಿದಿತ್ತು. ಶಾಲೆಗಳು ಮುಚ್ಚಿದ್ದರಿಂದ ಸಮವಸ್ತ್ರದ ಕೆಲಸವಿಲ್ಲ, ಮಾಸ್ಕ್ ಹೊಲಿಯುತ್ತಿದ್ದ. ‘ಭಾವ, ಬಿಡ್ತೀನಿ ಅಂತ ಹೇಳಲ್ಲ. ಎಷ್ಟು ಸಲ ಹೇಳೋದು? ನನ್ನೊಬ್ಬನ ಕೈಲಿ ಆಗಲ್ಲ. ಯಾರಾದ್ರೂ ಇದ್ರೆ ಹೇಳಿ.’ ಆ ಮನೆಯಲ್ಲಿ ಹದಿನೈದು ವರ್ಷ ಕೇಳಿಬಂದ ಅಷ್ಟೂ ಆಣೆಗಳಿಗಿಂತ ಈ ಮಾತಿನ ತೂಕ ಹೆಚ್ಚು ಎಂದು ನನಗೆ ಅವತ್ತೇ ಅನ್ನಿಸಿತು.

ಯಾರಿದ್ದಾರೆ ಎಂದು ನೋಡಹೊರಟರೆ, ನಾವು ಅಂದುಕೊಂಡದ್ದಕ್ಕಿಂತ ಹೆಚ್ಚು ಜನ ಇದ್ದಾರೆ. 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಒಂದು ಪ್ರಯೋಗ ಮಾಡಿತು: ಮನೋರೋಗದ ಚಿಕಿತ್ಸೆಗಾಗಿ ಜನ ದೊಡ್ಡ ಊರಿಗೆ ಅಲೆಯದಂತೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಸಿಗುವಂತೆ ಮಾಡುವುದು. 1996ರಲ್ಲಿ ದೇಶದಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಆ ಬಳ್ಳಾರಿಯೇ ಮಾದರಿ. ಕುಡಿತದ ಅವಲಂಬನೆಗೂ ಅಲ್ಲಿ ಚಿಕಿತ್ಸೆಯುಂಟು. ನಮ್ಮ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಮಂಗಳವಾರ ಬರುತ್ತಿದ್ದರು. ಎರಡನೆಯ ಸಲ ಬಿಡುವಾಗ ಎಲ್ಲವೂ ಮೊದಲೇ ನಿಗದಿ: ಯಾವ ದಿನ ನಿಲ್ಲಿಸುವುದು, ಯಾವ ಮಾತ್ರೆ ಎಷ್ಟು, ರಾತ್ರಿ ಜೊತೆಗೆ ಯಾರು, ಯಾವ ಲಕ್ಷಣ ಕಂಡರೆ ತಕ್ಷಣ ಆಸ್ಪತ್ರೆಗೆ. ಗೋಡೆಯ ಮೇಲೆ ಇರುವೆಗಳು ಬರಲಿಲ್ಲ. ಆಸೆ ತಗ್ಗಿಸಲು ನಾಲ್‌ಟ್ರೆಕ್ಸೋನ್ ಎಂಬ ಮಾತ್ರೆಯನ್ನೂ ಕೊಟ್ಟರು. ಅದೂ ಯಕೃತ್ತಿನ ಪರೀಕ್ಷೆ ಮಾಡಿಸಿದ ಮೇಲೆ.

ಎಲ್ಲ ಕೇಂದ್ರಗಳೂ ಹೀಗಿರುವುದಿಲ್ಲ. ಕುಡುಕರನ್ನು ಕೋಣೆಗೆ ಕೂಡಿ ಹಾಕಿ, ಹೊಡೆದು, ಸರಪಳಿ ಬಿಗಿದು ಬಿಡಿಸುತ್ತೇವೆನ್ನುವ ಜಾಗಗಳೂ ಇವೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮದ್ಯವ್ಯಸನದಿಂದಾದ ಮಾನಸಿಕ ತೊಂದರೆಯನ್ನೂ ಕಾಯಿಲೆಯೆಂದೇ ಎಣಿಸುತ್ತದೆ, ಸರಪಳಿ ಹಾಕುವುದನ್ನು ನಿಷೇಧಿಸುತ್ತದೆ. ಸೇರಿಸುವ ಮುನ್ನ ಅಲ್ಲಿ ವೈದ್ಯರಿದ್ದಾರೆಯೇ, ಮನೆಯವರನ್ನು ಒಳಗೆ ಬಿಡುತ್ತಾರೆಯೇ ಎಂದು ಕೇಳಿ. ಬಿಡುವುದಿಲ್ಲವೆಂದರೆ ಬಂದ ಆಟೋದಲ್ಲೇ ವಾಪಸು ಬನ್ನಿ.

ಮಾತ್ರೆಗಿಂತ ಅವನನ್ನು ಹಿಡಿದು ನಿಲ್ಲಿಸಿದ್ದು ಬೇರೆ ಎಂದು ನನ್ನ ಅಭಿಪ್ರಾಯ. ವೈದ್ಯರೇ ಅವನನ್ನು ಆಲ್ಕೋಹಾಲಿಕ್ಸ್ ಅನಾನಿಮಸ್ ಎಂಬ ಕೂಟಕ್ಕೆ ಕಳಿಸಿದರು. ಇದರ ಹುಟ್ಟಿನ ಕಥೆ ನನಗೆ ಬಹಳ ಇಷ್ಟ. 1935ರಲ್ಲಿ ಅಮೆರಿಕದ ಬಿಲ್ ವಿಲ್ಸನ್ ಎಂಬ ಷೇರು ವ್ಯವಹಾರದ ಮನುಷ್ಯ ಆಕ್ರಾನ್ ಎಂಬ ಊರಿಗೆ ಹೋದ. ಕುಡಿತ ಬಿಟ್ಟು ಕೆಲವೇ ತಿಂಗಳಾಗಿತ್ತು. ಹೋದ ಕೆಲಸ ಕೆಟ್ಟಿತು. ಇಳಿದುಕೊಂಡಿದ್ದ ಹೋಟೆಲಿನಲ್ಲೇ ಬಾರು. ಒಳಗೆ ಕಾಲಿಡುವ ಮುನ್ನ ಅವನು ಮಾಡಿದ್ದು ಒಂದು ವಿಚಿತ್ರ ಕೆಲಸ. ಊರಿನ ಚರ್ಚುಗಳ ಪಾದ್ರಿಗಳಿಗೆ ಫೋನು ಮಾಡಿ, ನಿಮ್ಮ ಊರಿನಲ್ಲಿ ನಾನು ಮಾತಾಡಬಹುದಾದ ಇನ್ನೊಬ್ಬ ಕುಡುಕ ಇದ್ದಾನೆಯೇ ಎಂದು ವಿಚಾರಿಸಿದ. ಹೀಗೆ ಸಿಕ್ಕಿದವನು ಶಸ್ತ್ರಚಿಕಿತ್ಸಕ ಡಾ. ರಾಬರ್ಟ್ ಸ್ಮಿತ್. ಆ ಇಬ್ಬರ ಮಾತುಕತೆಯಿಂದಲೇ ಈ ಕೂಟ ಬೆಳೆದದ್ದು. ಇನ್ನೊಬ್ಬನಿಗೆ ನೆರವಾಗುವುದರಿಂದ ತಾನು ಕುಡಿಯದೆ ಉಳಿಯಬಹುದು ಎಂದು ಬಿಲ್‌ಗೆ ತಿಳಿದಿತ್ತು.

ಇಲ್ಲಿ ಶುಲ್ಕವಿಲ್ಲ, ಮನೆತನದ ಹೆಸರು ಕೇಳುವುದಿಲ್ಲ, ಜಾತಿ ಕೇಳುವುದಿಲ್ಲ. ನಮ್ಮ ಭಾಮೈದನ ಕೂಟದಲ್ಲಿ ಒಬ್ಬ ನಿವೃತ್ತ ಕಂಡಕ್ಟರು, ಒಬ್ಬ ಅಡಿಕೆ ವ್ಯಾಪಾರಿ, ಒಬ್ಬ ಇಂಜಿನಿಯರು. ಸಂಜೆ ಏಳಕ್ಕೆ ಕಾಲು ತಾನಾಗಿ ಬ್ರಾಂದಿ ಅಂಗಡಿಯ ಕಡೆಗೆ ತಿರುಗಿದಾಗ ಅವನು ಫೋನು ಮಾಡುತ್ತಿದ್ದದ್ದು ಕಂಡಕ್ಟರಿಗೆ. ‘ಮೇಷ್ಟ್ರೇ, ನಿಮಗೆ ಫೋನ್ ಮಾಡಿದ್ರೆ ಪಾಠ ಹೇಳ್ತೀರಿ. ಅವರು, ಬಾ ಟೀ ಕುಡಿಯೋಣ ಅಂತಾರೆ’ ಎಂದು ನನಗೆ ಹೇಳಿದ್ದಾನೆ. ಕೂಟವೇ ಎಲ್ಲರಿಗೂ ಒಗ್ಗಬೇಕೆಂದಿಲ್ಲ. ಹಳ್ಳಿಗಳಲ್ಲಿ ಎಂಟು ದಿನ ಊರವರೇ ಮುಂದೆ ನಿಂತು ನಡೆಸುವ ಮದ್ಯವರ್ಜನ ಶಿಬಿರಗಳಿಂದ ಬಿಟ್ಟವರೂ ಇದ್ದಾರೆ. ಶಿಬಿರದಲ್ಲಿ ವೈದ್ಯರಿರುವುದು, ಮುಗಿದ ಮೇಲೂ ವಾರಕ್ಕೊಮ್ಮೆ ಸೇರುವುದು, ಇವೆರಡು ಇದ್ದರೆ ಸರಿ.

2019ರಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆಯಂತೆ ದೇಶದಲ್ಲಿ ಮದ್ಯದ ತೊಂದರೆಗೆ ಸಿಕ್ಕಿ ನೆರವು ಬೇಕಾದವರು 5.7 ಕೋಟಿಗೂ ಹೆಚ್ಚು. ಅವಲಂಬಿತರಾದವರಲ್ಲಿ ಯಾವುದಾದರೂ ಚಿಕಿತ್ಸೆ ಪಡೆದವರು 38ಕ್ಕೆ ಒಬ್ಬರು. ನಮ್ಮ ಶಾಲೆಯ ಒಂದು ತರಗತಿಯಷ್ಟು ಜನರಲ್ಲಿ ಒಬ್ಬ! ಉಳಿದ 37 ಜನ ಎಲ್ಲೋ ಆಣೆ ಮಾಡುತ್ತಿದ್ದಾರೆ. ಎಲ್ಲಿ ಶುರು ಮಾಡುವುದೆಂದು ತಿಳಿಯದವರು 14416ಕ್ಕೆ ಕರೆ ಮಾಡಬಹುದು. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ ಅದು, ಕನ್ನಡದಲ್ಲೇ ಮಾತಾಡುತ್ತಾರೆ. ವ್ಯಸನಕ್ಕೆಂದೇ ಇರುವುದು 14446. ಕುಡಿಯುವವರೇ ಮಾಡಬೇಕೆಂದಿಲ್ಲ, ಹೆಂಡತಿಯೋ ಮಗನೋ ಕೇಳಬಹುದು. ಮನೆಯಲ್ಲಿ ಹೊಡೆತ ಬಡಿತವಿದ್ದರೆ ಮಕ್ಕಳಿಗೆ 1098 ಇದೆ.

ಮಕ್ಕಳ ವಿಷಯ ಹೇಳಲೇಬೇಕು. ತಂಗಿಯ ಮಗಳು ಬಾಟಲಿಯ ಮೇಲೆ ಪೆನ್ಸಿಲಿನಿಂದ ಗುರುತು ಹಾಕಿ ಅಪ್ಪ ಎಷ್ಟು ಕುಡಿದರೆಂದು ಲೆಕ್ಕವಿಡುತ್ತಿದ್ದಳು, ಕದ್ದು ನೀರು ಬೆರೆಸುತ್ತಿದ್ದಳು. ಶಾಲೆಯಲ್ಲಿ ಎಲ್ಲದರಲ್ಲೂ ಮುಂದೆ, ಒಂದು ದಿನವೂ ಯಾರಿಂದಲೂ ಬೈಸಿಕೊಂಡವಳಲ್ಲ. ನಮ್ಮಂಥ ಮೇಷ್ಟ್ರುಗಳು ಇಂಥ ಮಗುವನ್ನು ಹೊಗಳಿ ಮುಂದೆ ಹೋಗುತ್ತೇವೆ. ಮನೆ ತಿಳಿಯಾದ ಮೇಲೆ ಒಂದು ದಿನ ಅವಳು ಹೇಳಿದಳು: ‘ಮಾವ, ನಾನು ಫಸ್ಟ್ ಬಂದ್ರೆ ಅಪ್ಪ ಬಿಡ್ತಾರೆ ಅಂತ ಅಂದ್ಕೊಂಡಿದ್ದೆ. ಫಸ್ಟ್ ಬಂದೆ. ಅವತ್ತು ಖುಷಿಗೆ ಇನ್ನೂ ಜಾಸ್ತಿ ಕುಡಿದ್ರು.’ ಹದಿನೈದು ವರ್ಷದ ಹುಡುಗಿ ತನ್ನ ಅಂಕಪಟ್ಟಿಯನ್ನು ಔಷಧಿ ಎಂದುಕೊಂಡಿದ್ದಳು. ಇದನ್ನು ಓದುತ್ತಿರುವ ಹುಡುಗ ಹುಡುಗಿಯರಲ್ಲಿ ಯಾರಾದರೂ ಹಾಗೆ ನಂಬಿದ್ದರೆ, ನಿಮ್ಮ ಓದಿಗೂ ಅಪ್ಪನ ಗ್ಲಾಸಿಗೂ ಸಂಬಂಧವಿಲ್ಲ. ಅವರು ಕುಡಿಯುವುದು ನಿಮ್ಮಿಂದಲ್ಲ, ಬಿಡಿಸುವ ಹೊಣೆಯೂ ನಿಮ್ಮದಲ್ಲ. ನೀವು ನಂಬುವ ಒಬ್ಬ ದೊಡ್ಡವರಿಗೆ ವಿಷಯ ತಿಳಿಸಿದರೆ ಸಾಕು. ಮನೆಯ ಮರ್ಯಾದೆ ಹೋಗುವುದಿಲ್ಲ. ಮೇಷ್ಟ್ರಿಗೆ ಮೊದಲೇ ಗೊತ್ತಿರುತ್ತದೆ, ನೀವು ಬಾಯಿಬಿಡಲೆಂದು ಕಾಯುತ್ತಿರುತ್ತಾರೆ.

ದೊಡ್ಡವರಿಗೆ ಒಂದು ಮಾತು. ರಾತ್ರಿ ಕುಡಿದು ಬಂದವನ ಹತ್ತಿರ ವಾದ ಬೇಡ, ಆ ಹೊತ್ತಿನಲ್ಲಿ ಕೇಳುವ ಕಿವಿ ಅಲ್ಲಿರುವುದಿಲ್ಲ. ಬೆಳಗಿನ ಹೊತ್ತು, ಮಕ್ಕಳಿಲ್ಲದಾಗ, ‘ಬಿಡುತ್ತೀಯೋ ಇಲ್ಲವೋ’ ಎಂದು ಕೇಳದೆ ‘ಮಂಗಳವಾರ ಡಾಕ್ಟರ ಹತ್ತಿರ ನಾನೂ ಬರ್ತೀನಿ’ ಎಂದು ಹೇಳಿ ನೋಡಿ.

2022ರಲ್ಲಿ ಒಂದು ಗೃಹಪ್ರವೇಶದಲ್ಲಿ ಅವನು ಮತ್ತೆ ಕುಡಿದ. ತಂಗಿ ಅತ್ತಳು. ಎಲ್ಲ ಮುಗಿಯಿತೆಂದು ನೆಂಟರು ಮಾತಾಡಿಕೊಂಡರು. ಮರುದಿನ ಬೆಳಿಗ್ಗೆ ಆರಕ್ಕೆ ಅವನು ಕಂಡಕ್ಟರಿಗೆ ಫೋನು ಮಾಡಿದ್ದ, ಮಂಗಳವಾರ ಆಸ್ಪತ್ರೆಯಲ್ಲಿದ್ದ. ಸಕ್ಕರೆ ಕಾಯಿಲೆಯವರು ಹಬ್ಬದಲ್ಲಿ ಹೋಳಿಗೆ ತಿಂದು ಸಕ್ಕರೆ ಏರಿಸಿಕೊಂಡಾಗ ಯಾರೂ ಅವರನ್ನು ನಡತೆಗೆಟ್ಟವರೆನ್ನುವುದಿಲ್ಲ, ಔಷಧ ಸರಿಪಡಿಸುತ್ತಾರೆ. ವೈದ್ಯರು ಇದನ್ನೂ ಹಾಗೆಯೇ ನೋಡಿದರು. ಅಲ್ಲಿಂದೀಚೆಗೆ ಮುಟ್ಟಿಲ್ಲ.

ಈಗ ಮೇ ಜೂನ್ ಬಂದರೆ ಅವನ ಅಂಗಡಿಯಲ್ಲಿ ನೀಲಿ ಬಿಳಿ ಬಟ್ಟೆಯ ರಾಶಿ. ಸೂಜಿಗೆ ದಾರ ಅವನೇ ಪೋಣಿಸುತ್ತಾನೆ, ಕನ್ನಡಕ ಹಾಕಿಕೊಂಡು. ಗುರುವಾರ ಸಂಜೆ ಆರಾಯಿತೆಂದರೆ ಎಷ್ಟೇ ಕೆಲಸವಿರಲಿ ಶಟರ್ ಎಳೆದು ಸಭೆಗೆ ಹೊರಡುತ್ತಾನೆ. ಶಾಲೆ ಶುರುವಾಗುವ ಹಿಂದಿನ ದಿನ ಗುರುವಾರವಾದರೆ ತಾಯಂದಿರು ಮುಚ್ಚಿದ ಬಾಗಿಲ ಮುಂದೆ ನಿಂತು ಅವನನ್ನು ಚೆನ್ನಾಗಿ ಬೈಯುತ್ತಾರೆ. ನನ್ನದೂ ಒಂದು ಪ್ಯಾಂಟು ಮೂರು ವಾರದಿಂದ ಅಲ್ಲೇ ಇದೆ.